ಸೋಲ್ ಕಢಿ ಮಾಡುವಾಗ ಒಲೆ ಹಚ್ಚಬೇಡಿ

ಮುಂಬೈಗೆ ಬಂದ ಹೊಸದರಲ್ಲಿ, ಕೊಂಕಣದವರು ಊಟದ ಜೊತೆ ಕುಡಿಯುವ ಸೋಲ್ ಕಢಿ ಅಂದರೆ ನಮ್ಮ ಪುನರ್ಪುಳಿ (ಕೋಕಂ) ಸಾರಿಗೆ ತೆಂಗಿನ ಹಾಲು ಬೆರೆಸಿದ್ದು, ಅಷ್ಟೇ ತಾನೇ ಅಂದುಕೊಂಡಿದ್ದೆ. ಊರಲ್ಲಿ ಅಮ್ಮ ಮಾಡಿದ ಹಾಗೆ ಸಿಪ್ಪೆ ಕುದಿಸಿ, ಆ ಬಿಸಿಗೇ ಹಾಲು ಸುರಿದೆ. ಒಡೆದು ಚೂರು ಚೂರಾಗಿ ತೇಲಿತು. ಡೊಂಬಿವಲಿಯ ನಮ್ಮ ಪಕ್ಕದ ಮನೆಯ ಮಾಲ್ವಣದ ಕಡೆಯ ಕಾಕು (ಚಿಕ್ಕಮ್ಮ ಅಂತ ಕರೆಯುವ ಹಾಗೆ) ಪಾತ್ರೆಗೆ ಇಣುಕಿ ನಕ್ಕು, "ಇದಕ್ಕೆ ಗ್ಯಾಸೇ ಬೇಡ" ಅಂದರು. ಹುಳಿ ಮತ್ತು ಬಿಸಿ ಎರಡೂ ಸೇರಿದರೆ ತೆಂಗಿನ ಹಾಲು ಒಡೆಯುತ್ತದೆ.

ಮೊದಲು ಸಿಪ್ಪೆ. ದಾದರ್, ಗಿರ್‌ಗಾಂವ್ ಕಡೆಯ ಕೊಂಕಣದ ಸಾಮಾನಿನ ಅಂಗಡಿಗಳಲ್ಲಿ 'ಆಮ್ಸೂಲ್' ಅಂತ ಕೇಳಿ, ಒಣಗಿಸಿದ ಕೋಕಂ ಸಿಪ್ಪೆಗೆ ಅಲ್ಲಿ ಅದೇ ಹೆಸರು. ಸರಿಯಾಗಿ ಹೇಳಿ, ಇಲ್ಲದಿದ್ದರೆ ಆಮ್‌ಚೂರ್ (ಒಣ ಮಾವಿನಕಾಯಿ ಪುಡಿ) ಕಟ್ಟಿ ಕೊಡುತ್ತಾರೆ! ಉತ್ತರ ಕನ್ನಡದವರ ಮುರುಗಲು ಇದೇ. ಉಪ್ಪಾಗೆ ಮಾತ್ರ ಬೇರೆಯದೇ ಹುಳಿ ಹಣ್ಣು, ಅದು ಈ ಕೆಂಪು ಬಣ್ಣ ಬಿಡುವುದಿಲ್ಲ. ಸಿಂಧುದುರ್ಗ, ರತ್ನಾಗಿರಿಯ ಕೋಕಂಗೆ 2016ರಲ್ಲಿ ಜಿಐ ಟ್ಯಾಗ್ (ಊರಿನ ಹೆಸರಿನ ಅಧಿಕೃತ ಗುರುತು) ಸಿಕ್ಕಿದೆ, ಆದರೆ ಅಂಗಡಿಯಲ್ಲಿ ಹೆಸರಿಗಿಂತ ಸಿಪ್ಪೆಯನ್ನೇ ಮುಟ್ಟಿ ನೋಡುವುದು ಒಳ್ಳೆಯದು. ಕಪ್ಪಗೆ, ಮೆತ್ತಗೆ, ಸ್ವಲ್ಪ ಅಂಟಂಟಾಗಿರಬೇಕು. ಮೇಲೆ ಬೆಳ್ಳಗೆ ಹರಳು ಕಂಡರೆ ಅದು ಸಾಮಾನ್ಯವಾಗಿ ಉಪ್ಪು, ಹೆದರಬೇಡಿ.

ನಾಲ್ಕು ಜನಕ್ಕೆ 10–12 ಸಿಪ್ಪೆ ಸಾಕು. ಒಂದು ಲೋಟ ಉಗುರುಬೆಚ್ಚಗಿನ ನೀರಲ್ಲಿ ಅರ್ಧ ಗಂಟೆ ನೆನೆಸಿ, ಸ್ಟೀಲ್ ಅಥವಾ ಗಾಜಿನ ಪಾತ್ರೆಯಲ್ಲಿ. ಅಲ್ಯೂಮಿನಿಯಂ ಬೇಡ, ಹುಳಿ ಅದನ್ನು ತಿನ್ನುತ್ತದೆ. ಆಮೇಲೆ ಕೈಯಲ್ಲೇ ಚೆನ್ನಾಗಿ ಕಿವುಚಿ ಸೋಸಿ. ಅವಸರ ಇದ್ದವರಿಗೆ ಬಾಟಲಿಯಲ್ಲಿ 'ಆಗಳ್' ಸಿಗುತ್ತದೆ, ಉಪ್ಪು ಹಾಕಿಟ್ಟ ಕೋಕಂ ರಸ ಅದು. ಶರಬತ್ತಿನ ಸಿಹಿ ಸಿರಪ್ ತಂದರೆ ಕೆಲಸ ಕೆಟ್ಟಿತು.

ಈಗ ತೆಂಗಿನಕಾಯಿ. ಡಬ್ಬದ ಹಾಲಲ್ಲೂ ಆಗುತ್ತದೆ, ಆದರೆ ಕರಾವಳಿಯವರಾಗಿ ಕಾಯಿ ತುರಿಯಲು ಸೋಮಾರಿತನ ಯಾಕೆ ಅಲ್ವಾ? ಮಧ್ಯಮ ಗಾತ್ರದ ಒಂದು ಕಾಯಿಯ ತುರಿ, ಮೂರ್ನಾಲ್ಕು ಎಸಳು ಬೆಳ್ಳುಳ್ಳಿ, ಒಂದು ಹಸಿಮೆಣಸು, ಒಂದು ಲೋಟ ನೀರು ಸೇರಿಸಿ ನುಣ್ಣಗೆ ರುಬ್ಬಿ, ಬಟ್ಟೆಯಲ್ಲಿ ಹಿಂಡಿ. ಚರಟಕ್ಕೆ ಇನ್ನೊಂದು ಲೋಟ ನೀರು ಹಾಕಿ ಮತ್ತೆ ರುಬ್ಬಿ ಹಿಂಡಿದರೆ ಎರಡನೇ ಹಾಲು ಬರುತ್ತದೆ. ಎರಡನ್ನೂ ಬೆರೆಸಿ.

ಬೆರೆಸಿದ ಹಾಲಿಗೆ ಕೋಕಂ ನೀರನ್ನು ಸ್ವಲ್ಪ ಸ್ವಲ್ಪವೇ ಹಾಕಿ, ರುಚಿ ನೋಡುತ್ತಾ ಹೋಗಿ. ಹುಳಿ ನಾಲಿಗೆಗೆ ತಾಗಬೇಕು, ಹಲ್ಲು ಜುಮ್ಮೆನ್ನಬಾರದು. ಉಪ್ಪು ಕೊನೆಗೆ, ಯಾಕೆಂದರೆ ಸಿಪ್ಪೆಯಲ್ಲೇ ಉಪ್ಪಿರುತ್ತದೆ, ಆಗಳಲ್ಲಂತೂ ಇನ್ನೂ ಜಾಸ್ತಿ. ಬಣ್ಣ ತಿಳಿ ಗುಲಾಬಿ, ಸ್ವಲ್ಪ ನೇರಳೆ ಬೆರೆತ ಹಾಗೆ ಬರುತ್ತದೆ. ಕೆಲವು ಹೋಟೆಲ್‌ಗಳ ಕಡು ಗುಲಾಬಿ ಬಣ್ಣಕ್ಕೆ ಬೀಟ್‌ರೂಟನ್ನೋ ಫುಡ್ ಕಲರನ್ನೋ ಕೇಳಬೇಕು. ಕೊತ್ತಂಬರಿ ಸೊಪ್ಪು ಉದುರಿಸಿ, ಅರ್ಧ ಗಂಟೆ ತಣ್ಣಗಿಡಿ. ಗೋವಾದಲ್ಲಿ ತೆಂಗಿನ ಹಾಲೇ ಇಲ್ಲದ, ತಿಳಿಯಾದ 'ಫುಟಿ ಕಡಿ'ಯೂ ಇದೆ. ನನಗೆ ಅದು ಊಟದ ಕೊನೆಗೆ, ಇದು ಬಂಗುಡೆ ಫ್ರೈ ಜೊತೆಗೆ.

ಮಾಡಿದ ದಿನವೇ ಕುಡಿದು ಮುಗಿಸಿ, ಮರುದಿನಕ್ಕೆ ಬೆಳ್ಳುಳ್ಳಿ ಒಂದೇ ಮೂಗಿಗೆ ಬಡಿಯುತ್ತದೆ. ಕಿವುಚಿದ ಸಿಪ್ಪೆ ಮಾತ್ರ ಎಸೆಯಬೇಡಿ. ನಾಳೆಯ ಮೀನು ಸಾರಿಗೋ ತೊಗರಿಬೇಳೆಗೋ ಹಾಕಿ. ಅಲ್ಲಿ ಬೇಕಾದಷ್ಟು ಕುದಿಸಿ, ಯಾರೂ ನಗುವುದಿಲ್ಲ.