ಅಪ್ಪನ ಪಾತ್ರಗಳು, ನನ್ನ ಅನುಭವ

ನಮ್ಮೂರು ಪಾಂಡವಪುರದ ಹತ್ರ. ನಮ್ಮ ಕಡೆ ಕುರುಕ್ಷೇತ್ರ ನಾಟಕ ಅಂದ್ರೆ ಪಾತ್ರಕ್ಕೆ ನಾವೇ ದುಡ್ಡು ಕಟ್ಬೇಕು, ಹಾರ್ಮೋನಿಯಂ ಮೇಷ್ಟ್ರು, ಸೀನರಿ, ಡ್ರೆಸ್ಸು ಎಲ್ಲ ಅದ್ರಲ್ಲೇ ಆಗ್ಬೇಕು, ದುರ್ಯೋಧನ ಕೃಷ್ಣ ಅಂದ್ರೆ ರೇಟು ಜಾಸ್ತಿ. ನಮ್ಮಪ್ಪನ ಕೈಲಿ ನಂಗೆ ಕೊಡ್ಸೋಕೆ ಆಗಿದ್ದು ವಿದುರನ ಪಾತ್ರ ಅಷ್ಟೇ. ಎರಡು ಮೂರು ಪದ್ಯ, ಮಿಕ್ಕಿದ್ದೆಲ್ಲ ಸಭೇಲಿ ಸುಮ್ನೆ ಕೂರೋದು. ನಂಗೆ ಬೇಜಾರು. ಮೇಷ್ಟ್ರು ಹೇಳಿದ್ರು, "ದ್ರೌಪದಿ ಸೀರೆ ಎಳೆಯುವಾಗ ಜನ ಮೊದ್ಲು ದುಶ್ಶಾಸನನ್ನ ನೋಡ್ತಾರೆ, ಆಮೇಲೆ ನಿನ್ನ ಮುಖ ನೋಡ್ತಾರೆ ಕಣ್ಲಾ, ನೀನು ಆಕಳಿಸ್ಕೊಂಡು ಕೂತ್ರೆ ಸೀನು ಸತ್ತೋಯ್ತು." ನಾನು ಇವತ್ತಿಗೂ ದುಡೀತಿರೋದು ಆ ಒಂದು ಮಾತಲ್ಲೇ.

ಆಮೇಲೆ ಮೈಸೂರಿಗೆ ಬಂದೆ. ಹಗಲು ಅಂಗಡೀಲಿ ಲೆಕ್ಕ ಬರಿಯೋದು, ಸಂಜೆ ಹವ್ಯಾಸಿ ತಂಡದ ರಿಹರ್ಸಲ್, ರಂಗಾಯಣದ ಭೂಮಿಗೀತದಲ್ಲಿ ನಾಟಕ ಇದ್ರೆ ಟಿಕೆಟ್ ತಗೊಂಡು ಹೋಗೇ ಹೋಗ್ತಿದ್ದೆ. ನಮ್ಮ ಮೈಸೂರಿನ ಕೆ.ಎಸ್. ಅಶ್ವಥ್ ಅವರು 1972ರ ನಾಗರಹಾವಲ್ಲಿ ಮಾಡಿರೋ ಚಾಮಯ್ಯ ಮೇಷ್ಟ್ರನ್ನ ಎಷ್ಟು ಸಲ ನೋಡಿದೀನೋ ಲೆಕ್ಕ ಇಲ್ಲ. ರಾಮಾಚಾರಿ ಮಾತಾಡ್ವಾಗ ಅವ್ರು ಕೇಳಿಸ್ಕೊಳ್ಳೋದನ್ನ ನೋಡಿ, ಪೋಷಕ ಪಾತ್ರ ಮಾಡೋರಿಗೆ ಅದಕ್ಕಿಂತ ದೊಡ್ಡ ಪಾಠ ಇಲ್ಲ ಅಂತ ನನ್ನ ನಂಬಿಕೆ.

ಮೊದಲ ಸೀರಿಯಲ್‌ನಲ್ಲಿ ಹೀರೋಯಿನ್ ಅಪ್ಪ. ಅಭ್ಯಾಸಬಲ, ಕೊನೇ ಸಾಲಿಗೆ ಕೇಳ್ಬೇಕು ಅನ್ನೋ ಹಂಗೆ ಡೈಲಾಗ್ ಹೇಳ್ದೆ. ಕ್ಯಾಮೆರಾಮನ್ ಹತ್ರ ಬಂದು "ಅಣ್ಣ, ಮೈಕು ನಿಮ್ಮ ಎದೆ ಮೇಲೇ ಇದೆ, ಮಗಳಿಗೆ ಕೇಳ್ಸಿದ್ರೆ ಸಾಕು" ಅಂದ್ರು. ಅವತ್ತಿಂದ ದನಿ ಇಳಿಸೋದು ಕಲಿಯೋಕೆ ಆರು ತಿಂಗಳು ಹಿಡೀತು.

ಇನ್ನೊಂದು ಕಂಟಿನ್ಯುಟಿ. ಇಡೀ ಸೀನನ್ನ ಒಟ್ಟಿಗೆ ತೆಗೆಯೋ ಮಾಸ್ಟರ್ ಶಾಟ್‌ನಲ್ಲಿ ಯಾವ ಮಾತಿಗೆ ಲೋಟ ಎತ್ತಿದ್ನೋ ಕ್ಲೋಸಪ್‌ನಲ್ಲೂ ಅದೇ ಮಾತಿಗೆ ಎತ್ಬೇಕು, ಟವೆಲ್ ಎಡ ಹೆಗಲ ಮೇಲಿದ್ರೆ ಎಡ ಹೆಗಲೇ. ಪಂಚೆ ಶರ್ಟು ನಮ್ದೇ ತಗೊಂಡು ಹೋಗೋದ್ರಿಂದ ಸೀನ್ ಮುಗಿದ ತಕ್ಷಣ ಫೋನಲ್ಲಿ ಒಂದು ಫೋಟೋ ತೆಗೆದಿಟ್ಕೋತೀನಿ. ಮತ್ತೆ ಎದುರಿನವ್ರ ಕ್ಲೋಸಪ್ ತೆಗೆಯುವಾಗ ಎದ್ದು ಹೋಗ್ಬೇಡಿ, ದಯವಿಟ್ಟು. ಕ್ಯಾಮೆರಾ ಪಕ್ಕ ನಿಂತು ಪೂರ್ತಿ ಭಾವದಿಂದ ಡೈಲಾಗ್ ಕೊಡಿ, ಆ ಹುಡುಗಿ ಗೋಡೆ ನೋಡ್ಕೊಂಡು ಅಳೋದು ಹೇಗೆ?

ಒಂದ್ಸಲ ಆಲೆಮನೆ ಸೀನು. ಮಗ ಬಂದು ಜಮೀನು ಮಾರಣ ಅಂತಾನೆ, ನಂಗೆ ಒಂದೂ ಮಾತಿಲ್ಲ. ಕೊಪ್ಪರಿಗೆಲಿ ನಿಜವಾಗ್ಲೂ ಪಾಕ ಕುದೀತಿತ್ತು, ನಾನು ಚಿಕ್ಕಂದಿನಿಂದ ಮಾಡಿರೋ ಕೆಲ್ಸ. ಅವನು ಮಾತಾಡ್ತಿರ್ಬೇಕಾದ್ರೆ ಸ್ವಲ್ಪ ಪಾಕ ತಗೊಂಡು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ನೋಡ್ದೆ, ಹದ ಬಂದಿತ್ತು, ಆದ್ರೆ "ಮಾರಣ" ಅಂದ ತಕ್ಷಣ ಕೈ ತಾನಾಗೇ ನಿಂತೋಯ್ತು, ಉಂಡೆ ನೀರಿಗೆ ಬಿತ್ತು. ಪ್ಲಾನ್ ಮಾಡಿದ್ದಲ್ಲ. ಡೈರೆಕ್ಟರ್ ಕಟ್ ಹೇಳ್ದೆ ಹಂಗೇ ಬಿಟ್ರು, ಆಮೇಲೆ ನನ್ನ ಕೈದೇ ಒಂದು ಕ್ಲೋಸ್ ತಗೊಂಡ್ರು.

ಶೂಟಿಂಗ್‌ಗೆ ಬೆಳಗಿನ ಜಾವದ ಟ್ರೈನ್ ಹಿಡಿದು ಕೆಂಗೇರೀಲಿ ಇಳಿಯೋದು, ರಾತ್ರಿ ವಾಪಸ್. ಅದು ಅಭ್ಯಾಸ ಆಗೋಗಿದೆ. ಅಭ್ಯಾಸ ಆಗ್ದೇ ಇರೋದು ಟ್ರ್ಯಾಕ್, ಅಂದ್ರೆ ಕಥೇಲಿ ನಮ್ಮ ಪಾತ್ರದ ಭಾಗ, ಮುಗಿಯೋದು. ಎರಡು ವರ್ಷ ಮಾಡಿದ ಪಾತ್ರ, ಒಂದಿನ ಮ್ಯಾನೇಜರ್ ಫೋನ್ ಮಾಡಿ "ಸರ್, ನಿಮ್ಮದೊಂದು ಒಳ್ಳೆ ಫೋಟೋ ಕಳ್ಸಿ" ಅಂದ್ರು. ಅಷ್ಟಕ್ಕೇ ಗೊತ್ತಾಯ್ತು. ಎರಡು ತಿಂಗಳ ಪೇಮೆಂಟ್ ಬಾಕಿ ಇತ್ತು, ಅದನ್ನ ಕೇಳಿ ಕೇಳಿ ಇಸ್ಕೊಂಡೆ. ಆದ್ರೆ ಊರಲ್ಲಿ ಅವ್ವಂಗೆ ಮೊದ್ಲೇ ಹೇಳೋದನ್ನ ಮರೆತೆ, ಅದು ನನ್ನ ತಪ್ಪು. ಟೀವೀಲಿ ಮಗನ ಫೋಟೋಗೆ ಹಾರ ಹಾಕಿರೋದು ನೋಡಿ ರಾತ್ರಿ ಒಂಬತ್ತೂವರೆಗೆ ಫೋನ್ ಮಾಡಿದ್ಲು. ಸೀರಿಯಲ್ ಬಗ್ಗೆ ಏನೂ ಕೇಳ್ಲಿಲ್ಲ. "ಉಂಡ್ಯೇನಪ್ಪಾ" ಅಂದ್ಲು, ಆಮೇಲೆ ಸುಮಾರು ಹೊತ್ತು ಇಬ್ರೂ ಫೋನ್ ಹಿಡ್ಕೊಂಡೇ ಇದ್ವಿ.