ಹೊಸ ಕಂಪ್ಯೂಟರ್ ತರುವ ಮುನ್ನ ಹಳೆಯ ಲೆಕ್ಕ ಹೊರಗೆ ತೆಗೆಯಿರಿ

ದಾವಣಗೆರೆ ಎಪಿಎಂಸಿ ಯಾರ್ಡಿನ ಒಂದು ಮಂಡಿಗೆ ನಾನು ಲೆಕ್ಕ ನೋಡಿಕೊಡುತ್ತೇನೆ. ಎರಡು ವರ್ಷದ ಹಿಂದೆ ಅಲ್ಲಿ ಕಂಪ್ಯೂಟರ್ ಬದಲಿಸಿದರು. ಬೆಳಿಗ್ಗೆ ಹೊಸದು ಬಂತು, ಸಂಜೆಗೆ ಹಳೆಯದು ಗುಜರಿಗೆ ಹೋಯಿತು. ಮಾರನೇ ದಿನ ಮೆಕ್ಕೆಜೋಳ ತಂದ ರೈತರೊಬ್ಬರು ಹಿಂದಿನ ಬಾಕಿ ಎಷ್ಟಿದೆ ನೋಡಿ ಅಂದರು. ಹೊಸದರಲ್ಲಿ ಅವರ ಹೆಸರೇ ಇರಲಿಲ್ಲ. ಗುಮಾಸ್ತರು ಎಂಟು ರಾತ್ರಿ ಕೂತು, ಹಳೆ ಬಿಲ್ಲು ಹುಡುಕಿ ಹುಡುಕಿ ಎಲ್ಲರ ಖಾತೆ ಮತ್ತೆ ಬರೆದರು. ಅಂಥ ರಾತ್ರಿಗಳು ನಿಮಗೆ ಬರಬಾರದು.

ಹಾಗಂತ ಹಳೆಯದನ್ನೇ ಇಟ್ಟುಕೊಂಡು ಕೂರುವಂತೆಯೂ ಇಲ್ಲ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2020ರ ಜನವರಿ 14ಕ್ಕೆ ನಿಂತಿತು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ. ಕಂಪ್ಯೂಟರ್ ಓಡುತ್ತದೆ ನಿಜ. ಆದರೆ ಹೊಸದಾಗಿ ಕಂಡುಬರುವ ಲೋಪಗಳಿಗೆ ಸಾಮಾನ್ಯವಾಗಿ ರಿಪೇರಿ ಸಿಗುವುದಿಲ್ಲ. ಬ್ಯಾಂಕಿನ ಪಾಸ್‌ವರ್ಡ್, ಜಿಎಸ್‌ಟಿ ಪಾಸ್‌ವರ್ಡ್ ದಿನವೂ ಹಾಕುವುದು ಅದರಲ್ಲೇ ಅಲ್ವಾ?

ಮೊದಲ ಹೆಜ್ಜೆಗೆ ದುಡ್ಡು ಬೇಡ. ಒಂದು ನೋಟ್‌ಬುಕ್ ಹಿಡಿದು ಗುಮಾಸ್ತರ ಪಕ್ಕ ಒಂದು ಇಡೀ ದಿನ ಕೂರಿ. ಏನು ಟೈಪ್ ಮಾಡುತ್ತಾರೆ, ಎಷ್ಟು ಪ್ರತಿ ಪ್ರಿಂಟ್ ತೆಗೆಯುತ್ತಾರೆ, ಯಾವುದನ್ನು ಕಂಪ್ಯೂಟರ್ ಬಿಟ್ಟು ಕೈಯಲ್ಲಿ ಬರೆಯುತ್ತಾರೆ, ಎಲ್ಲ ಬರೆದುಕೊಳ್ಳಿ. ನಾನು ಕೂತ ದಿನ ಹಮಾಲಿ ಲೆಕ್ಕ ಪೂರ್ತಿ ಬೇರೆ ಪುಸ್ತಕದಲ್ಲಿದೆ ಅನ್ನುವುದು ಗೊತ್ತಾಯಿತು. ಮಾಲೀಕರಿಗೇ ಅದು ತಿಳಿದಿರಲಿಲ್ಲ. ಈ ಪಟ್ಟಿ ಕೈಯಲ್ಲಿಟ್ಟುಕೊಂಡೇ ಸಾಫ್ಟ್‌ವೇರ್ ಮಾರುವವರ ಜೊತೆ ಮಾತಾಡಿ.

ಎರಡನೆಯದು ಲೆಕ್ಕ ಹೊರಗೆ ತೆಗೆಯುವುದು. ಜಾಸ್ತಿ ಸಮಯ ಇದಕ್ಕೇ ಕೊಡಿ. ಹಳೆ ಪ್ರೋಗ್ರಾಮುಗಳು ಹಲವು ಫಾಕ್ಸ್‌ಪ್ರೋ ಅನ್ನುವ ಹಳೆ ತಂತ್ರಾಂಶದಲ್ಲಿ ಬರೆದವು. ಅವುಗಳ ಫೈಲಿನ ಹೆಸರು ಡಿಬಿಎಫ್ (.dbf) ಎಂದು ಮುಗಿಯುತ್ತದೆ. ಉಚಿತವಾಗಿ ಸಿಗುವ ಲಿಬ್ರೆ ಆಫೀಸ್‌ನಲ್ಲಿ ಎಕ್ಸೆಲ್ ಥರದ ಕ್ಯಾಲ್ಕ್ ಇದೆ, ಅದರಲ್ಲಿ ಅವನ್ನು ತೆರೆದು, ಎಕ್ಸೆಲ್ ಫೈಲಾಗಿ ಉಳಿಸಬಹುದು. ಮೊದಲು ಮೂಲ ಫೈಲುಗಳನ್ನು ಎರಡು ಕಡೆ ನಕಲು ಮಾಡಿ. ನಕಲನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಿ. ತೆರೆಯದ ನಕಲು ಇದ್ದೂ ಇಲ್ಲದಂತೆ.

ಕನ್ನಡದಲ್ಲಿ ಹೆಸರು ಬರೆದಿಟ್ಟಿದ್ದರೆ ಇನ್ನೊಂದು ತೊಡಕಿದೆ. ಹಳೆ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ್ದು ಕಂಪ್ಯೂಟರಿನ ಒಳಗೆ ಕನ್ನಡವಾಗಿ ಇರುವುದಿಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿರುತ್ತಾರೆ. ಆ ಫಾಂಟ್ ಇಲ್ಲದ ಕಡೆ ತೆರೆದರೆ ಅರ್ಥವಿಲ್ಲದ ಗುರುತುಗಳು ಕಾಣುತ್ತವೆ. ಆದ್ದರಿಂದ ಎಲ್ಲ ಕಂಪ್ಯೂಟರಿಗೂ ಕನ್ನಡವಾಗಿಯೇ ಅರ್ಥವಾಗುವ ಯೂನಿಕೋಡ್‌ಗೆ ಬದಲಿಸಲೇಬೇಕು. ಬದಲಿಸುವ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಆದರೆ ಅದನ್ನೇ ನಂಬಿ ಸುಮ್ನೆ ಬಿಡಬೇಡಿ. ಅರ್ಕಾವತ್ತು, ಒತ್ತಕ್ಷರ ಇರುವ ಕಡೆ ತಪ್ಪಾಗುವ ಸಾಧ್ಯತೆ ಇದೆ. ಮಲ್ಲಿಕಾರ್ಜುನಪ್ಪ, ಕೃಷ್ಣಮೂರ್ತಿ ಅಂಥ ಹೆಸರುಗಳನ್ನು ಆರಿಸಿ, ಒಂದೊಂದಾಗಿ ಓದಿ ನೋಡಿ. ಬಾಕಿ ಕೇಳಲು ಬಂದವರ ಹೆಸರು ಸರಿಯಾಗಿ ಬರೆದಿರುವುದು ಸಣ್ಣ ವಿಷಯವಲ್ಲ.

ಖರೀದಿಗೆ ಮುಂಚೆ ಇನ್ನೆರಡು ವಿಚಾರಿಸಿ. ವಿಂಡೋಸಿಗೂ ಮುಂಚಿನ ಡಾಸ್ ಕಾಲದ 16 ಬಿಟ್ ಪ್ರೋಗ್ರಾಮುಗಳು ಈಗಿನ 64 ಬಿಟ್ ವಿಂಡೋಸಿನಲ್ಲಿ ನೇರವಾಗಿ ಓಡುವುದಿಲ್ಲ. ಹಳೆ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ಅಗಲದ ಪಿನ್ನಿಗೆ ಹೊಸ ಕಂಪ್ಯೂಟರುಗಳಲ್ಲಿ ಸಾಮಾನ್ಯವಾಗಿ ಜಾಗವೇ ಇರುವುದಿಲ್ಲ. ಆದರೂ ಡಾಟ್ ಮ್ಯಾಟ್ರಿಕ್ಸ್ ಬೇಡ ಅನ್ನುವವರ ಮಾತು ನಾನು ಒಪ್ಪುವುದಿಲ್ಲ. ಒಂದೇ ಸಲಕ್ಕೆ ಕಾರ್ಬನ್ ಪ್ರತಿ ಬರುವುದು ಅದರಲ್ಲೇ. ಯುಎಸ್‌ಬಿ ಇರುವುದನ್ನು ಕೊಳ್ಳಿ. ಕರೆಂಟ್ ಹೋದಾಗ ಅರ್ಧ ಬಿಲ್ಲು ಹಾಳಾಗದಂತೆ ಯುಪಿಎಸ್ ಕೂಡ ಇರಲಿ.

ಬದಲಿಸುವ ಕಾಲ ನೋಡಿಕೊಳ್ಳಿ. ಮಳೆಗಾಲ ಮುಗಿದು ಮೆಕ್ಕೆಜೋಳದ ಲೋಡುಗಳು ಸಾಲಾಗಿ ನಿಲ್ಲುವಾಗ ಈ ಕೆಲಸಕ್ಕೆ ಕೈ ಹಾಕಬೇಡಿ. ಹೊಸ ಲೆಕ್ಕದ ವರ್ಷ ಶುರುವಾಗುವ ಏಪ್ರಿಲ್ 1 ಒಳ್ಳೆಯದು. ಅಲ್ಲಿಂದ ಒಂದು ತಿಂಗಳು ಹಳೆಯದು, ಹೊಸದು ಎರಡನ್ನೂ ಓಡಿಸಿ. ದಿನವೂ ಸಂಜೆ ಮೂರು ಅಂಕಿ ತಾಳೆ ನೋಡಿದರೆ ಸಾಕು: ಕೈಯಲ್ಲಿರುವ ನಗದು, ರೈತರ ಒಟ್ಟು ಬಾಕಿ, ಗೋದಾಮಿನ ಚೀಲ. ತಾಳೆಯಾಗದ ದಿನ ಕಾರಣ ಸಿಗುವವರೆಗೆ ಬಾಗಿಲು ಹಾಕಬೇಡಿ. ಗುಮಾಸ್ತರಿಗೆ ಎರಡು ಪಟ್ಟು ಕೆಲಸ ಆಗುತ್ತದೆ. ಆ ತಿಂಗಳಿಗೆ ಅವರಿಗೆ ಹೆಚ್ಚಿನ ದುಡ್ಡು ಕೊಡಿ.

ಎಲ್ಲ ಸರಿಹೋದ ಮೇಲೂ ಹಳೆಯದನ್ನು ಇಡಿಯಾಗಿ ಗುಜರಿಗೆ ಹಾಕಬೇಡಿ. ಜಿಎಸ್‌ಟಿ ಕಾನೂನಿನ ಪ್ರಕಾರ ಯಾವ ವರ್ಷದ ಲೆಕ್ಕವೋ ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕಡೇ ದಿನದಿಂದ 72 ತಿಂಗಳು ಲೆಕ್ಕದ ಪುಸ್ತಕಗಳನ್ನು ಉಳಿಸಿಕೊಳ್ಳಬೇಕು. ಹಾರ್ಡ್ ಡಿಸ್ಕ್ ಬಿಚ್ಚಿಟ್ಟುಕೊಂಡು, ಉಳಿದದ್ದನ್ನು ಪರವಾನಗಿ ಇರುವ ಇ-ತ್ಯಾಜ್ಯದವರಿಗೆ ಕೊಡಿ. ಡಿಸ್ಕಿನ ಮೇಲೆ ಯಾವ ವರ್ಷದಿಂದ ಯಾವ ವರ್ಷದವರೆಗಿನ ಲೆಕ್ಕ ಅಂತ ಚೀಟಿ ಅಂಟಿಸಿ, ಬೀರುವಿನಲ್ಲಿ ಬೀಗ ಹಾಕಿಡಿ.