ನಾನೇ ನೋಡದ ಎರಡು ನಿಮಿಷಗಳು: ನರರೋಗ ತಜ್ಞರ ಮೊದಲ ಭೇಟಿಗೆ ನನ್ನ ಸಿದ್ಧತೆ

ಎರಡನೆಯ ಬಾರಿ ಮೂರ್ಛೆ ಬಂದು ಬಿದ್ದ ಮೇಲೆ ನಮ್ಮ ಕುಟುಂಬ ವೈದ್ಯರು ನರರೋಗ ತಜ್ಞರಿಗೆ ಪತ್ರ ಬರೆದುಕೊಟ್ಟರು. ಭೇಟಿಗೆ ಮೂರು ವಾರಗಳ ಸಮಯವಿತ್ತು. ಹೇಳಬೇಕಾದುದನ್ನು ಬರೆದಿಡೋಣವೆಂದು ಒಂದು ಸಂಜೆ ಹಾಳೆ ಹಿಡಿದು ಕುಳಿತರೆ ಮೂಡಿದ್ದು ಎರಡೇ ಸಾಲು: ಕಚೇರಿಯಲ್ಲಿ ನಿಂತಿದ್ದೆ, ಆಮೇಲೆ ನೆಲದ ಮೇಲಿದ್ದೆ. ಕಾಯಿಲೆ ನನ್ನದಾದರೂ ಅದನ್ನು ಕಣ್ಣಾರೆ ಕಂಡವರು ಬೇರೆಯವರು. ಹಾಗಾಗಿ ನನ್ನ ಸಿದ್ಧತೆಯ ಬಹುಪಾಲು ಅವರ ಮಾತುಗಳನ್ನು ಸಂಗ್ರಹಿಸುವುದರಲ್ಲೇ ಕಳೆಯಿತು.

ವೈದ್ಯರು ಅಪಸ್ಮಾರವನ್ನು, ಅಂದರೆ ಮೂರ್ಛೆರೋಗವನ್ನು, ಗುರುತಿಸುವುದು ಮುಖ್ಯವಾಗಿ ಘಟನೆಯ ವಿವರಗಳಿಂದ. ಮೆದುಳಿನ ವಿದ್ಯುತ್ ಚಟುವಟಿಕೆಯನ್ನು ದಾಖಲಿಸುವ ಇಇಜಿ ಸಹಜವಾಗಿದ್ದ ಮಾತ್ರಕ್ಕೆ ಅಪಸ್ಮಾರವಿಲ್ಲವೆಂದು ಹೇಳಲಾಗದು, ಏಕೆಂದರೆ ಅದು ತೋರಿಸುವುದು ತಲೆಗೆ ತಂತಿಗಳನ್ನು ಅಂಟಿಸಿದ್ದ ಹೊತ್ತಿನ ಸ್ಥಿತಿಯನ್ನು ಮಾತ್ರ. ಇತ್ತ ರಕ್ತದೊತ್ತಡ ದಿಢೀರನೆ ಕುಸಿದು ಎಚ್ಚರ ತಪ್ಪಿದಾಗಲೂ ಕೈಕಾಲು ಕೆಲವು ಕ್ಷಣ ಅದುರುವುದುಂಟು. ಆದ್ದರಿಂದ ‘ಫಿಟ್ಸ್ ಬಂತು’ ಎಂಬ ಎರಡು ಪದಗಳಿಂದ ತಜ್ಞರಿಗೆ ಹೆಚ್ಚೇನೂ ತಿಳಿಯದು.

ನಾನು ಬಿದ್ದಾಗ ಪಕ್ಕದಲ್ಲಿದ್ದ ಸಹೋದ್ಯೋಗಿಯನ್ನು ಮೊದಲು ಕೇಳಿದೆ. ‘ಪೂರ್ತಿ ಮೈ ಒದ್ದಾಡುತ್ತಿತ್ತು, ಹತ್ತು ನಿಮಿಷವಾದರೂ ಆಗಿರಬೇಕು’ ಎಂದರು. ಮೊಟ್ಟಮೊದಲು ಕಂಡದ್ದೇನು, ಆಮೇಲೇನು ಎಂದು ಬಿಡಿಸಿ ಕೇಳುತ್ತ ಹೋದಂತೆ ಚಿತ್ರ ಬೇರೆಯಾಯಿತು: ಕಣ್ಣು ತೆರೆದೇ ಇತ್ತು, ತಲೆ ಎಡಕ್ಕೆ ತಿರುಗಿತು, ಎಡಗೈ ಸೆಟೆದುಕೊಂಡಿತು, ಅನಂತರವೇ ಎರಡೂ ಕಡೆಯ ಸೆಳೆತ ಶುರುವಾಯಿತು. ಸೆಳೆತ ಆರಂಭವಾದೊಡನೆ ಅವರು ನನ್ನ ಪತ್ನಿಗೆ ಕರೆ ಮಾಡಿ, ಮೈ ಸಡಿಲವಾದ ಮೇಲೆ ಫೋನ್ ಇಟ್ಟಿದ್ದರು. ಆ ಕರೆಯ ಅವಧಿ 1 ನಿಮಿಷ 50 ಸೆಕೆಂಡು. ಸೆಳೆತ 5 ನಿಮಿಷ ಮೀರಿದರೆ ಅದು ತುರ್ತುಸ್ಥಿತಿಯಾದ್ದರಿಂದ ಈ ವ್ಯತ್ಯಾಸ ಸಣ್ಣದಲ್ಲ. ಗಾಬರಿಯಲ್ಲಿ ಕಾಲ ಹಿಗ್ಗುವುದು ಅವರ ತಪ್ಪೂ ಅಲ್ಲ. ಎರಡು ಲೆಕ್ಕವನ್ನೂ, ಯಾವುದು ಕಂಡದ್ದು ಯಾವುದು ಊಹಿಸಿದ್ದು ಎಂಬ ಟಿಪ್ಪಣಿಯೊಂದಿಗೆ ಬರೆದುಕೊಂಡೆ.

ನಾಲಿಗೆಯ ಬದಿ ಕಚ್ಚಿಕೊಂಡದ್ದು, ಬಟ್ಟೆ ಒದ್ದೆಯಾದದ್ದು, ಮರುದಿನದ ಮೈಕೈ ನೋವು, ಹಿಂದಿನ ರಾತ್ರಿ ನಿದ್ದೆಗೆಟ್ಟದ್ದು ಇವೆಲ್ಲ ಸುಲಭವಾಗಿ ನೆನಪಾದವು. ನೆನಪಿನಲ್ಲಿದ್ದೂ ಲೆಕ್ಕಕ್ಕೆ ಬಾರದಿದ್ದುದು ಬೇರೊಂದು. ಕೆಲವು ತಿಂಗಳಿಂದ ಆಗಾಗ ಹೊಟ್ಟೆಯಿಂದ ಗಂಟಲಿಗೆ ಏನೋ ಅಲೆಯಂತೆ ಏರಿ, ಇದೇ ಕ್ಷಣ ಹಿಂದೊಮ್ಮೆ ನಡೆದಿತ್ತೆಂಬ ಗಾಢ ಭಾವ ಕವಿಯುತ್ತಿತ್ತು. ಅದನ್ನು ಆಮ್ಲಪಿತ್ತವೆಂದು ತಳ್ಳಿಹಾಕಿದ್ದೆ. ಹಾಳೆಯನ್ನು ಓದಿದ ಪತ್ನಿ, ಕೆಲವೊಮ್ಮೆ ನಾನು ಮಾತಿನ ನಡುವೆ ದಿಟ್ಟಿಸುತ್ತ ತುಟಿ ಚಪ್ಪರಿಸುತ್ತೇನೆಂದೂ, ಕರೆದರೆ ಉತ್ತರಿಸುವುದಿಲ್ಲವೆಂದೂ ಹೇಳಿದಳು. ನಾನು ಕೆಲಸದ ಯೋಚನೆಯಲ್ಲಿದ್ದೇನೆಂದು ಅವಳು ಭಾವಿಸಿದ್ದಳಂತೆ. ಮತ್ತೆ ಹಾಗಾದರೆ ಮೊಬೈಲಿನಲ್ಲಿ ಚಿತ್ರೀಕರಿಸಬೇಕೆಂದು ಕೇಳಿಕೊಂಡೆ. ಮೊದಲು ಅವಳು ಒಪ್ಪಲಿಲ್ಲ, ನನಗೂ ಮುಜುಗರವಿತ್ತು. ಆದರೆ ಭೇಟಿಗೆ ಒಂಬತ್ತು ದಿನವಿರುವಾಗ ದೊರೆತ ನಲವತ್ತು ಸೆಕೆಂಡುಗಳ ಆ ತುಣುಕು ನನ್ನ ಬರಹಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂತು.

ತಾಯಿಯನ್ನು ಕೇಳುವುದು ಎಲ್ಲಕ್ಕಿಂತ ಕಷ್ಟವಾಯಿತು. ಒಂದೂವರೆ ವರ್ಷದವನಿದ್ದಾಗ ಜ್ವರದಲ್ಲಿ ನನಗೆ ಬಹಳ ಹೊತ್ತು ಸೆಳೆತ ಬಂದಿತ್ತೆಂಬುದನ್ನು ಅವರು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಜನ ಏನೆನ್ನುತ್ತಾರೋ ಎಂಬ ಅಳುಕಿಗೆ ವೈದ್ಯಕೀಯ ಇತಿಹಾಸದ ಒಂದು ಪುಟವೇ ಮುಚ್ಚಿಹೋಗಿತ್ತು.

ಉಳಿದವು ಬೇಗ ಮುಗಿದವು. ಹಳೆಯ ವರದಿಗಳನ್ನೂ, ಸೇವಿಸುತ್ತಿದ್ದ ಎಲ್ಲ ಮಾತ್ರೆಗಳ ಸ್ಟ್ರಿಪ್ಪುಗಳನ್ನೂ ಒಂದು ಚೀಲಕ್ಕೆ ಹಾಕಿದೆ. ಬೆನ್ನುನೋವಿಗೆ ಆಗಾಗ ನುಂಗುತ್ತಿದ್ದ ಟ್ರಮಡಾಲ್ ಕೂಡ ಅದರಲ್ಲಿತ್ತು, ಏಕೆಂದರೆ ಅದು ಸೆಳೆತಕ್ಕೆ ದಾರಿ ಮಾಡಿಕೊಡಬಲ್ಲ ಔಷಧಗಳಲ್ಲಿ ಒಂದು. ಮದ್ಯದ ಪ್ರಮಾಣವನ್ನು ಕಡಿಮೆ ಮಾಡದೆ ಬರೆದೆ. ವಾಹನ ಚಾಲನೆಯನ್ನು ಆಗಲೇ ನಿಲ್ಲಿಸಿದ್ದೆ. ಮತ್ತೆ ಯಾವಾಗ ಓಡಿಸಬಹುದು, ಔಷಧ ಎಷ್ಟು ಕಾಲ ಬೇಕು, ಒಂದು ಹೊತ್ತಿನ ಮಾತ್ರೆ ಮರೆತರೆ ಏನು ಮಾಡಬೇಕು ಎಂಬ ಮೂರು ಪ್ರಶ್ನೆಗಳು ಹಾಳೆಯ ಮೇಲ್ಭಾಗದಲ್ಲೇ ಇದ್ದವು. ಅದೇ ದಿನ ಇಇಜಿ ಮಾಡಬಹುದೆಂದು ತಿಳಿಸಿದ್ದರಿಂದ ತಲೆ ತೊಳೆದು, ಎಣ್ಣೆ ಹಚ್ಚದೆ ಹೊರಟೆ.

ತಜ್ಞರು ಹಾಳೆಯನ್ನು ಓದಿ, ವಿಡಿಯೊವನ್ನು ಮೂರು ಬಾರಿ ನೋಡಿದರು. ಅನಂತರ ನಾನು ಸಿದ್ಧಪಡಿಸಿಕೊಳ್ಳದ ಪ್ರಶ್ನೆಯನ್ನೇ ಕೇಳಿದರು: ಬರೆಯುವುದು ಯಾವ ಕೈಯಲ್ಲಿ, ಸೆಳೆತ ನಿಂತ ಮೇಲೆ ಮಾತು ಹೊರಡಲು ಎಷ್ಟು ಹೊತ್ತಾಯಿತು? ಮೊದಲನೆಯದಕ್ಕೆ ಬಲಗೈ ಎಂದೆ. ಎರಡನೆಯದಕ್ಕೆ ಅಲ್ಲಿಂದಲೇ ಸಹೋದ್ಯೋಗಿಗೆ ಫೋನ್ ಮಾಡಬೇಕಾಯಿತು. ಎಲ್ಲಿದ್ದೇನೆಂದು ತಿಳಿಯದಿದ್ದರೂ ಎರಡು ನಿಮಿಷದೊಳಗೆ ನಾನು ಅವರ ಹೆಸರು ಹಿಡಿದು ಸ್ಪಷ್ಟವಾಗಿ ನೀರು ಕೇಳಿದ್ದೆನಂತೆ. ತಜ್ಞರು ಅದನ್ನು ನನ್ನ ಹಾಳೆಯ ಅಂಚಿನಲ್ಲೇ ಬರೆದುಕೊಂಡರು.